ಬೂಷ್ಟು ಮತ್ತು ಶ್ರುತಸಂರಕ್ಷಣೆ: ಆಡೂರು–ಬಂಕಾಪುರ ಪರಿಸರದಿಂದ ಒಂದು ವಿವೇಚನೆ

ಹಾನಗಲ್ಲು ತಾಲ್ಲೂಕಿನ ಆಡೂರು ಜೈನಶಾಸನಗಳ ಅಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಗೆ ಸೇರಿದ ಇಲ್ಲಿಯ ಶಾಸನವನ್ನು ಜೆ. ಎಫ್. ಫ್ಲೀಟರು 1882ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಈ ಅರಸನು ಎರಡನೆಯ ಕೀರ್ತಿವರ್ಮನೆಂದೂ, ಆದುದರಿಂದ ಶಾಸನದ ಕಾಲವು ಕ್ರಿ. ಶ. 8ನೆಯ ಶತಮಾನದ ಮಧ್ಯಭಾಗವೆಂದೂ ಅನಂತರದ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ವರ್ಧಮಾನ ಜಿನನ ಸ್ತುತಿಯೊಡನೆ ಆರಂಭವಾಗುವ ಈ ಶಾಸನದಲ್ಲಿ ಸಂಸ್ಕೃತ ಮತ್ತು ಕನ್ನಡ ಎಂಬ ಎರಡು ಭಾಗಗಳಿವೆ. ಗಾಮುಂಡನೊಬ್ಬನು ಕಟ್ಟಿಸಿದ ಜಿನಾಲಯದ ದಾನಶಾಲೆ ಮೊದಲಾದವುಗಳಿಗೆ ಭೂಮಿಯನ್ನು ಬಿಟ್ಟುದನ್ನು ಸಂಸ್ಕೃತ ಭಾಗವು ಹೇಳುತ್ತದೆ. ಸಿಂದರಸನು ಪಾಂಡೀಪುರವನ್ನು ಆಳುತ್ತಿದ್ದಾಗ ದೋಣಗಾಮುಂಡ, ಎಳಗಾಮುಂಡ ಮೊದಲಾದವರು ಜಿನೇಂದ್ರಭವನಕ್ಕೆ ಕೊಟ್ಟ ದತ್ತಿಯನ್ನು ಕನ್ನಡ ಭಾಗವು ದಾಖಲಿಸಿ, ಪರಲೂರ ಚೇದಿಯದ ಪ್ರಭಾಚಂದ್ರ ಗುರುಗಳನ್ನು ಹೆಸರಿಸುತ್ತದೆ.

ಈ ಶಾಸನದಿಂದ ಎರಡು ಸಂಗತಿಗಳನ್ನು ಊಹಿಸಬಹುದು. ದಾನಶಾಲೆಯಿದ್ದಲ್ಲಿ ಧಾನ್ಯದ ಸಂಗ್ರಹವಿರಲೇಬೇಕು. ಗುರುಪರಂಪರೆಯಿದ್ದಲ್ಲಿ ಶ್ರುತಾಭ್ಯಾಸವೂ ಅದಕ್ಕೆ ಬೇಕಾದ ಓಲೆಗರಿಗಳೂ ಇದ್ದಿರಬೇಕು. ದಾನಶಾಸನವು ಕಲ್ಲಿನ ಮೇಲೆ ಉಳಿಯಿತು. ಆದರೆ ಆ ಕಾಲದ ಓಲೆಯೊಂದೂ ಕನ್ನಡನಾಡಿನಲ್ಲಿ ಉಳಿದುಬಂದಿಲ್ಲ. ಆಡೂರಿಗೆ ಸಮೀಪದ ಬಂಕಾಪುರದ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕ 820ರಲ್ಲಿ, ಲೋಕಾದಿತ್ಯನು ಬಂಕಾಪುರದಿಂದ ಆಳುತ್ತಿದ್ದಾಗ, ಭವ್ಯಜನರಿಂದ ಪೂಜೆಗೊಂಡ ವಿಚಾರವು ಅದರ ಪ್ರಶಸ್ತಿಯಿಂದ ವಿದಿತವಾಗಿದೆ. ಗ್ರಂಥವು ಇಂದಿಗೂ ಓದಲ್ಪಡುತ್ತಿದೆ. ಅಂದು ಪೂಜೆಗೊಂಡ ಪ್ರತಿ ಮಾತ್ರ ಇಲ್ಲ. ಗಂಗ ಮಾರಸಿಂಹನು ಯಾರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ತ್ಯಜಿಸಿದನೋ ಆ ಅಜಿತಸೇನಾಚಾರ್ಯರ ಕಾಲದಲ್ಲಿ ಬಂಕಾಪುರವು ವಿದ್ಯಾಕೇಂದ್ರವಾಗಿದ್ದಿತು. ಅಲ್ಲಿ ಗ್ರಂಥಗಳು ಇದ್ದಿರಲಿಲ್ಲವೆಂದು ಯಾರೂ ಹೇಳಲಾರರು.

ಇಂತಹ ನಷ್ಟಕ್ಕೆ ರಾಜಕೀಯ ವಿಪ್ಲವಗಳನ್ನೂ ಅನ್ಯರ ಆಕ್ರಮಣಗಳನ್ನೂ ಕಾರಣವಾಗಿ ಹೇಳುವುದು ವಾಡಿಕೆಯಾಗಿದೆ. ಅವು ಸುಳ್ಳಲ್ಲ. ಆದರೆ ಯಾವ ಶತ್ರುವೂ ಬಾರದ ವರ್ಷಗಳಲ್ಲಿಯೂ ಪ್ರತಿ ಮಳೆಗಾಲದಲ್ಲಿ ತಪ್ಪದೆ ಬರುವ ಶತ್ರುವೊಂದಿದೆ, ಅದು ತೇವ. ಹಾನಗಲ್ಲಿನ ಸೀಮೆಯು ಮಲೆನಾಡಿಗೂ ಬಯಲುಸೀಮೆಗೂ ನಡುವಿನದು. ಕೆರೆ, ಬತ್ತದ ಗದ್ದೆಗಳ ನಾಡು. ಮಳೆಗಾಲದ ತಿಂಗಳುಗಳಲ್ಲಿ ಗೋಡೆ, ಧಾನ್ಯ, ಬಟ್ಟೆ, ಓಲೆ ಇವೆಲ್ಲವೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಆ ತೇವದಲ್ಲಿ ಹುಟ್ಟುವುದೇ ಬೂಷ್ಟು. ಬೂಸು, ಬೂಜು ಎಂಬ ರೂಪಗಳೂ ಬಳಕೆಯಲ್ಲಿವೆ. ವಿಜ್ಞಾನದ ಗ್ರಂಥಗಳಲ್ಲಿ ಇದನ್ನು ಶಿಲೀಂಧ್ರವರ್ಗಕ್ಕೆ ಸೇರಿಸುತ್ತಾರೆ.

ಬೂಷ್ಟಿನ ಮೂಲನೆಲೆ ಮಣ್ಣು. ಬಿದ್ದ ಎಲೆ, ಹುಲ್ಲು, ಸಗಣಿಗಳನ್ನು ಕೊಳೆಯಿಸಿ ಮತ್ತೆ ಮಣ್ಣಾಗಿಸುವ ಕಾರ್ಯದಲ್ಲಿ ಅದರ ಪಾಲು ದೊಡ್ಡದು. ಅದರ ಬೀಜಕಣಗಳು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಗಾಳಿಯೊಡನೆ ಎಲ್ಲೆಡೆಗೂ ಹೋಗುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 65–70ನ್ನು ಮೀರಿ ಕೆಲವು ದಿನ ನಿಂತರೆ, ಅಥವಾ ವಸ್ತುವು ನೆನೆದು ಎರಡು ಮೂರು ದಿನ ಒಣಗದೆ ಉಳಿದರೆ, ಅವು ಮೊಳೆತು ಎಳೆಗಳನ್ನು ಬಿಡುತ್ತವೆ. ರೊಟ್ಟಿ, ಉಪ್ಪಿನಕಾಯಿ, ಕಾಳು, ಚರ್ಮ, ಕಾಗದ, ತಾಳೆಯೋಲೆ ಎಲ್ಲವೂ ಅದಕ್ಕೆ ಆಹಾರವೇ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ, ರೈಜೋಪಸ್, ಫ್ಯುಸೇರಿಯಂ ಎಂಬ ಹೆಸರಿನ ಕುಲಗಳು ಮನೆಯಲ್ಲಿಯೂ ಹೊಲದಲ್ಲಿಯೂ ಸಾಮಾನ್ಯವಾಗಿ ಕಾಣುವಂಥವು. ಕಪ್ಪು, ಹಸಿರು, ಹಳದಿ ಎಂದು ಕಾಣುವ ಬಣ್ಣವು ಬಹುಮಟ್ಟಿಗೆ ಬೀಜಕಣಗಳದೇ ಆಗಿದೆ. ಆದುದರಿಂದ ಬಣ್ಣ ಕಾಣಿಸಿಕೊಳ್ಳುವ ವೇಳೆಗೆ ಬೂಷ್ಟು ಬೆಳೆದು ಹರಡುವ ಹಂತಕ್ಕೆ ಬಂದಿರುತ್ತದೆ.

ಜೈನಾಚಾರ್ಯರು ಈ ವಸ್ತುವನ್ನು ಗಮನಿಸಿದ ಬಗೆಯು ವಿಚಾರಾರ್ಹವಾಗಿದೆ. ವಟ್ಟಕೇರರ ಮೂಲಾಚಾರದಲ್ಲಿ ವನಸ್ಪತಿಕಾಯಗಳನ್ನು ಹೇಳುವಾಗ ಸೇವಾಲ, ಪಣಗ, ಕೇಣಗ, ಕವಗ, ಕುಹಣ ಎಂಬ ಐದು ಬಾದರಕಾಯಗಳು ಬರುತ್ತವೆ. ವಸುನಂದಿಗಳು ತಮ್ಮ ಆಚಾರವೃತ್ತಿಯಲ್ಲಿ ಇವುಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದಾರೆ. ಸೇವಾಲವು ನೀರಿನಲ್ಲಿ ಹುಟ್ಟುವ ಹಸಿರು ಹಾವಸೆ. ಪಣಗವು ನೆಲ, ಇಟ್ಟಿಗೆ ಮೊದಲಾದವುಗಳ ಮೇಲೆ ಹಬ್ಬುವಂಥದು. ಕೇಣಗ, ಕವಗಗಳು ಕೊಳೆತ ವಸ್ತು ಮೊದಲಾದವುಗಳಲ್ಲಿ ಏಳುವ ಕೊಡೆಯಾಕಾರದವು, ಎಂದರೆ ಅಣಬೆಯ ಜಾತಿಯವು. ಕುಹಣವು ಆಹಾರ, ಗಂಜಿ ಮುಂತಾದವುಗಳ ಮೇಲೆ ಹೂವಿನಂತೆ ಕಾಣಿಸಿಕೊಳ್ಳುವಂಥದು. ಗೋಡೆಯ ಬೂಷ್ಟು, ಅಣಬೆ, ಅನ್ನದ ಬೂಷ್ಟು ಇವುಗಳನ್ನು ನೆಲೆಯಿಂದಲೂ ರೂಪದಿಂದಲೂ ಬೇರ್ಪಡಿಸಿ, ಒಂದೇ ವರ್ಗದಲ್ಲಿ ಇರಿಸಿರುವುದು ಸೂಕ್ಷ್ಮವಾದ ಅವಲೋಕನದ ಫಲ. ಇಂದಿನ ಜೀವವಿಜ್ಞಾನವು ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿದೆ. 1969ರಲ್ಲಿ ವಿಟೇಕರರು ಮಂಡಿಸಿದ ಐದು ಸಾಮ್ರಾಜ್ಯಗಳ ವಿಭಾಗದಲ್ಲಿ ಅವಕ್ಕೆ ಪ್ರತ್ಯೇಕ ಸ್ಥಾನವಿದೆ. ಆಗಮದ ವರ್ಗೀಕರಣವನ್ನು ಇದಕ್ಕೆ ಬಲವಂತವಾಗಿ ಹೊಂದಿಸಬೇಕಾದ ಅಗತ್ಯವಿಲ್ಲ. ಎರಡರ ಪ್ರಯೋಜನಗಳು ಬೇರೆ. ಆಚಾರಗ್ರಂಥದ ಪ್ರಶ್ನೆಯು, ಅದು ಜೀವವೇ, ಜೀವವಾದರೆ ಅದರೊಡನೆ ಹೇಗೆ ವರ್ತಿಸಬೇಕು ಎಂಬುದು.

ಅದು ಜೀವವೆಂದು, ಅದರಲ್ಲಿಯೂ ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿರುವ ಸಾಧಾರಣ ವನಸ್ಪತಿಯ ಸಂಬಂಧವುಳ್ಳದ್ದೆಂದು, ತಿಳಿದ ಮೇಲೆ ಅದನ್ನು ಒರೆಸುವುದೂ ಕಷ್ಟ, ಇರಗೊಡುವುದೂ ಕಷ್ಟ. ಒರೆಸಿದರೆ ಜೀವಘಾತ, ಬಿಟ್ಟರೆ ಅನ್ನವು ವಿಷವಾಗುತ್ತದೆ, ಓಲೆಯು ಪುಡಿಯಾಗುತ್ತದೆ. ಈ ಇಕ್ಕಟ್ಟಿನಿಂದ ಪರಂಪರೆಯು ಹೊರಬಂದ ದಾರಿ ಒಂದೇ: ಅದು ಹುಟ್ಟದಂತೆ ನೋಡಿಕೊಳ್ಳುವುದು. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಪ್ರಮಾದದ ಮೂಲಕ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಬೂಷ್ಟಿನ ವಿಷಯದಲ್ಲಿ ಪ್ರಮಾದವು ಒರೆಸುವ ದಿನಕ್ಕಿಂತ ಬಹಳ ಮೊದಲೇ, ತೇವದಲ್ಲಿ ವಸ್ತುವನ್ನು ಮುಚ್ಚಿಟ್ಟು ಮರೆತ ದಿನವೇ, ನಡೆದುಹೋಗಿರುತ್ತದೆ.

ಅಡುಗೆಮನೆಯಲ್ಲಿ ಈ ತತ್ತ್ವವು ಕಾಲಮರ್ಯಾದೆಯ ರೂಪವನ್ನು ತಳೆಯಿತು. ದಿಗಂಬರ ಶ್ರಾವಕಾಚಾರದ ರೂಢಿಯಂತೆ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಈ ಮೂರು ಅಂಕಿಗಳ ಕ್ರಮವೇ ನಿಯಮದ ಕಾರಣವನ್ನು ಹೇಳುತ್ತದೆ. ಸೆಖೆಯೊಂದೇ ಕಾರಣವಾಗಿದ್ದರೆ ಬೇಸಗೆಯ ಅವಧಿಯೇ ಎಲ್ಲಕ್ಕಿಂತ ಕಿರಿದಾಗಬೇಕಿತ್ತು. ಕಿರಿದಾದುದು ಮಳೆಗಾಲದ ಅವಧಿ. ಎಂದರೆ ತೇವವನ್ನೇ ಮುಖ್ಯ ಕಾರಣವೆಂದು ಹಿರಿಯರು ಗ್ರಹಿಸಿದ್ದರು. ರಸ, ಗಂಧಗಳು ಕೆಟ್ಟ ಚಲಿತರಸದ ಪದಾರ್ಥವನ್ನು ಅಭಕ್ಷ್ಯವೆಂದುದೂ ಇದೇ ವಿಚಾರದ ಮುಂದುವರಿಕೆ.

ಈ ನಿಯಮಗಳ ಆರೋಗ್ಯಫಲವು 20ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟವಾಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುದಕ್ಕೆ ಶೇಂಗಾ ಹಿಂಡಿಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವೇ ಕಾರಣವೆಂದು ಕಂಡುಬಂದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದ ಬಡಜನರಲ್ಲಿ ಕಾಮಾಲೆ ಹಬ್ಬಿ ನೂರಕ್ಕೂ ಹೆಚ್ಚು ಮಂದಿ ಸತ್ತರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟಾದ ಜೋಳ, ಗೋವಿನಜೋಳಗಳಿಂದ ಹೊಟ್ಟೆನೋವು ಮತ್ತು ಭೇದಿ ಕಾಣಿಸಿಕೊಂಡವು. ಅಲ್ಲಿ ಫ್ಯುಸೇರಿಯಂ ಕುಲದ ಬೂಷ್ಟು ಉಂಟುಮಾಡುವ ಫ್ಯುಮೋನಿಸಿನ್ ಎಂಬ ವಿಷವು ಪತ್ತೆಯಾಯಿತು. ಈ ವಿಷಗಳು ಸಾಮಾನ್ಯ ಅಡುಗೆಯ ಬೆಂಕಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟನ್ನು ತೊಳೆದು ತೆಗೆದರೂ ಕಾಳಿನೊಳಗೆ ಉಳಿಯುತ್ತವೆ. ಅಫ್ಲಟಾಕ್ಸಿನ್ ದೀರ್ಘಕಾಲ ಅಲ್ಪಪ್ರಮಾಣದಲ್ಲಿ ದೇಹವನ್ನು ಸೇರಿದರೆ ಯಕೃತ್ತಿನ ಅರ್ಬುದಕ್ಕೆ ಕಾರಣವಾಗುತ್ತದೆ. ಗೋವಿನಜೋಳವನ್ನು ವಿಪುಲವಾಗಿ ಬೆಳೆಯುವ ಹಾವೇರಿ ಜಿಲ್ಲೆಗೆ ಇದು ದೂರದ ಮಾತಲ್ಲ. ಒಣಗಿಸುವ ಮೊದಲೇ ಚೀಲ ತುಂಬಿದ ತೆನೆಯ ಕಾಳಿನಲ್ಲಿ ಈ ಅಪಾಯವಿದ್ದೇ ಇದೆ.

ಹಿಂದೆ ಈ ಭಾಗದಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯನ್ನು ತೆರೆದು ಕೆಲಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವ ಪದ್ಧತಿಯಿತ್ತು. ಕಾಳೂ ಅದರ ಮೇಲಿನ ಬೂಷ್ಟೂ ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿರುವುದೇ ದೀಪ ಆರುವುದಕ್ಕೆ ಕಾರಣ. ಮುಚ್ಚಿದ ಜಾಗವನ್ನು ತೆರೆದ ಕೂಡಲೇ ಒಳಹೋಗಬಾರದೆಂಬ ಈ ರೈತನ ವಿವೇಕವು ಗ್ರಂಥಭಂಡಾರಕ್ಕೂ ಸಲ್ಲುತ್ತದೆ. ಅಲ್ಲಿ ಉಸಿರುಗಟ್ಟುವ ಭಯವಿಲ್ಲದಿದ್ದರೂ ಬೀಜಕಣಗಳ ಭಯವಿದೆ. ವರ್ಷಗಟ್ಟಲೆ ಮುಚ್ಚಿದ ಪೆಟ್ಟಿಗೆಯನ್ನು ತೆರೆದು ಕಟ್ಟನ್ನು ಕೊಡವಿದಾಗ ಏಳುವ ಧೂಳಿನಲ್ಲಿ ಅವು ಅಸಂಖ್ಯವಾಗಿರುತ್ತವೆ. ಹಲವರಿಗೆ ಸೀನು, ಕಣ್ಣುರಿ, ಕೆಮ್ಮು ಬರುತ್ತದೆ. ಉಬ್ಬಸವಿರುವವರಿಗೆ ಅದು ಉಲ್ಬಣಿಸುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಪದೇ ಪದೇ ಕೆದಕುವ ರೈತರಿಗೆ ಬರುವ ಶ್ವಾಸಕೋಶದ ಉರಿಯೂತದಂಥದೇ ರೋಗವು ಬೂಷ್ಟಿನ ಧೂಳನ್ನು ಬಹುಕಾಲ ಸೇವಿಸಿದ ಇತರರಿಗೂ ಬರಬಹುದು. ರೋಗನಿರೋಧಶಕ್ತಿ ಕುಗ್ಗಿದವರಲ್ಲಿ ಬೂಷ್ಟು ದೇಹದೊಳಗೇ ಬೆಳೆಯಬಲ್ಲುದು. 2021ರಲ್ಲಿ ಕೋವಿಡ್ ತಗುಲಿದ್ದ ಮಧುಮೇಹಿಗಳನ್ನು ಕರ್ನಾಟಕದಲ್ಲಿಯೂ ಕಾಡಿದ ‘ಕಪ್ಪು ಶಿಲೀಂಧ್ರ’ ರೋಗಕ್ಕೆ ಕಾರಣವಾದುದು ಮಣ್ಣಿನಲ್ಲಿಯೂ ಹಳಸಿದ ರೊಟ್ಟಿಯಲ್ಲಿಯೂ ಕಾಣುವ ರೈಜೋಪಸ್ ಮೊದಲಾದ ಕುಲಗಳೇ. ಬತ್ತದ ಹೊಟ್ಟು ಕಣ್ಣಿಗೆ ತಾಗಿ ಗಾಯವಾದಾಗ ಮಣ್ಣಿನ ಬೂಷ್ಟು ಕರಿಗುಡ್ಡೆಯ ಮೇಲೆ ಹುಣ್ಣು ಮಾಡಿ ದೃಷ್ಟಿಯನ್ನು ಕಳೆಯುವುದೂ ಉಂಟು. ಆದರೆ ಪೆನಿಸಿಲಿಯಂ ಕುಲದ ಬೂಷ್ಟಿನಿಂದಲೇ 1928ರಲ್ಲಿ ಫ್ಲೆಮಿಂಗರಿಗೆ ಪೆನಿಸಿಲಿನ್ ದೊರೆಯಿತೆಂಬುದನ್ನೂ ಮರೆಯಲಾಗದು. ವಸ್ತುವು ಒಂದೇ ಮುಖದ್ದಲ್ಲ.

ಇನ್ನು ಗ್ರಂಥಗಳ ವಿಚಾರ. ಶ್ರೀತಾಳ, ತಾಳೆಗಳ ಗರಿಯನ್ನು ಬರವಣಿಗೆಗೆ ಅಣಿಮಾಡುವಾಗ ನೀರಿನಲ್ಲಿ ಕುದಿಸಿ ನೆರಳಿನಲ್ಲಿ ಒಣಗಿಸುತ್ತಿದ್ದರು. ಕುದಿಸುವುದರಿಂದ ಓಲೆ ಮೆದುವಾಗುವುದಲ್ಲದೆ ಅದರ ಸಕ್ಕರೆ, ಪಿಷ್ಟಗಳ ಅಂಶ ಕಡಿಮೆಯಾಗಿ ಬೂಷ್ಟಿನ ಆಹಾರವೂ ಕುಗ್ಗುತ್ತದೆ. ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಡುವುದು ಧೂಳನ್ನೂ ತೇವದ ಏರಿಳಿತವನ್ನೂ ತಡೆಯುವ ಉಪಾಯ. ಆದರೆ ಕಟ್ಟು ಒಮ್ಮೆ ತೇವವನ್ನು ಹೀರಿದರೆ ಅದೇ ಬಟ್ಟೆಯು ತೇವವನ್ನು ಒಳಗೆ ಹಿಡಿದಿಡುತ್ತದೆ. ಬೂಷ್ಟು ಹತ್ತಿದ ಓಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾರು ಸಡಿಲಗೊಂಡು ಅಂಚು ಉದುರುತ್ತದೆ. ಬೂಷ್ಟನ್ನೇ ತಿಂದು ಬದುಕುವ ಪುಸ್ತಕದ ಹೇನು ಮೊದಲಾದ ಕೀಟಗಳು ಅದರ ಬೆನ್ನಹಿಂದೆ ಬರುತ್ತವೆ. ಹುಳು ತಿಂದ ಓಲೆಯೆಂದು ಸೂಚಿಗಳಲ್ಲಿ ಬರೆಯುವಲ್ಲಿ ತೇವವೇ ಮೊದಲು ಬಾಗಿಲು ತೆರೆದಿರುವುದು ಅನೇಕ ಸಲ ಇರಬಹುದು.

ಇದಕ್ಕೂ ಪರಂಪರೆಯಲ್ಲಿ ವಿಧಿಯಿತ್ತು. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣವನ್ನು ಹೇಳುವಲ್ಲಿ ಮೂಲಾಚಾರವು ಜ್ಞಾನೋಪಧಿ, ಎಂದರೆ ಶಾಸ್ತ್ರಗ್ರಂಥವನ್ನು, ಸಂಯಮೋಪಧಿ ಶೌಚೋಪಧಿಗಳೊಡನೆ ಸೇರಿಸುತ್ತದೆ. ಗ್ರಂಥವನ್ನು ತೆಗೆಯುವಾಗಲೂ ಇಡುವಾಗಲೂ ಕಣ್ಣಿನಿಂದ ನೋಡಿ, ಪಿಂಛದಿಂದ ಮೃದುವಾಗಿ ಸವರಬೇಕು. ದಿನವೂ ಓದುವ ಮುನಿಯ ಕೈಯಲ್ಲಿದ್ದ ಗ್ರಂಥವು ದಿನವೂ ಪರೀಕ್ಷೆಗೊಳಗಾಗುತ್ತಿತ್ತು. ಓದು ನಿಂತಲ್ಲಿ ಪರೀಕ್ಷೆಯೂ ನಿಂತಿತು. ಗೃಹಸ್ಥರಿಗೆ ಶ್ರುತಪಂಚಮಿಯು ಈ ವಿಧಿಯ ಸ್ಥಾನದಲ್ಲಿ ನಿಂತಿತು. ಭೂತಬಲಿಗಳು ಷಟ್ಖಂಡಾಗಮವನ್ನು ಪೂರ್ಣಗೊಳಿಸಿ ಪೂಜಿಸಿದ ದಿನವೆಂದು ಇಂದ್ರನಂದಿಗಳ ಶ್ರುತಾವತಾರವು ಹೇಳುವ ಜ್ಯೇಷ್ಠ ಶುಕ್ಲ ಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ವೇಷ್ಟನಗಳನ್ನು ಬದಲಿಸಿ ಪೂಜಿಸುವ ರೂಢಿಯಿದೆ. ಮಳೆಗಾಲದ ಹೊಸ್ತಿಲಲ್ಲಿ ಬರುವ ಈ ದಿನವು ಗ್ರಂಥಗಳನ್ನು ಮಳೆಗೆ ಮೊದಲು ನೋಡುವ ಸಂದರ್ಭವೂ ಹೌದು. ಶ್ವೇತಾಂಬರರ ಜ್ಞಾನಪಂಚಮಿಯು ಕಾರ್ತಿಕ ಶುಕ್ಲ ಪಂಚಮಿಯಂದು, ಮಳೆ ಮುಗಿದ ಮೇಲೆ, ಬರುತ್ತದೆ. ಎರಡು ಸಂಪ್ರದಾಯಗಳು ಮಳೆಗಾಲದ ಎರಡು ತುದಿಗಳನ್ನು ಹಿಡಿದಿರುವುದು ಗಮನಾರ್ಹ.

ಮೂರನೆಯ ಉಪಾಯ ಪ್ರತಿಲಿಪಿ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಶಾಸ್ತ್ರದಾನದ ಮಹಿಮೆಯಾಗಿ ಹೇಳುವುದು ಯುಕ್ತವೇ. ಓಲೆಯ ಆಯುಷ್ಯ ಮಿತವಾದುದೆಂಬ ಅರಿವೂ ಅದರಲ್ಲಿದೆ. ಪ್ರತಿ ತಡವಾದರೆ ಏನಾಗುವುದೆಂಬುದಕ್ಕೆ ಷಟ್ಖಂಡಾಗಮದ ಇತಿಹಾಸವೇ ನಿದರ್ಶನ. ಅಪಾರ ಮಳೆ ಬೀಳುವ ಮೂಡುಬಿದಿರೆಯಲ್ಲಿ ಧವಲ, ಜಯಧವಲ, ಮಹಾಬಂಧಗಳ ತಾಡಪತ್ರಗಳನ್ನು ಶತಮಾನಗಳ ಕಾಲ ಕಾಪಾಡಿದ ಕೀರ್ತಿ ಅಲ್ಲಿಯ ಗುರುಪೀಠಕ್ಕೂ ಶ್ರಾವಕರಿಗೂ ಸಲ್ಲಬೇಕು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿಗಳ ಕಾರ್ಯ ಆರಂಭವಾಯಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಟೀಕೆಯೊಡನೆ ಮೊದಲ ಸಂಪುಟ ಅಮರಾವತಿಯಿಂದ ಹೊರಬಂದಿತು. ಅಷ್ಟರೊಳಗೆ ಮಹಾಬಂಧದ ಹಲವು ಸಾವಿರ ಶ್ಲೋಕಪ್ರಮಾಣದ ಭಾಗವು ನಷ್ಟವಾಗಿದ್ದಿತು. ಆ ವಾರ್ತೆಯನ್ನು ಕೇಳಿ ವ್ಯಥೆಪಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರು ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸಲು ಪ್ರೇರಣೆ ನೀಡಿದರು. ನಷ್ಟವಾದ ಆ ಭಾಗವನ್ನು ಯಾವ ತಾಮ್ರಪತ್ರವೂ ಮರಳಿ ಕೊಡಲಾರದು. 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯು ಇದ್ದುದನ್ನು ಲೆಕ್ಕ ಹಾಕಿ ಉಪಕಾರ ಮಾಡಿತು. ಸೂಚಿಯಲ್ಲಿ ಹೆಸರಿರುವುದು ಓಲೆ ಉಳಿಯುವುದಕ್ಕೆ ಭರವಸೆಯಲ್ಲ.

20ನೆಯ ಶತಮಾನದಲ್ಲಿ ಬೂಷ್ಟನ್ನು ರಾಸಾಯನಿಕ ಧೂಮದಿಂದ ಕೊಲ್ಲುವ ಪದ್ಧತಿ ಗ್ರಂಥಾಲಯಗಳಲ್ಲಿ ವ್ಯಾಪಕವಾಯಿತು. ಓಮದಿಂದಲೂ ದೊರೆಯುವ ಥೈಮಾಲಿನ ಧೂಮವು ಭಾರತದಲ್ಲಿ ಬಹುಕಾಲ ಬಳಕೆಯಲ್ಲಿತ್ತು. 1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ಅಪಾರ ಗ್ರಂಥರಾಶಿ ನೆನೆದಾಗಲೂ ಥೈಮಾಲನ್ನು ಬಳಸಿದರು. ಮುಂದೆ ಅನುಭವವು ಬೇರೆ ಪಾಠವನ್ನು ಕಲಿಸಿತು. ಧೂಮದ ಪ್ರಭಾವ ಉಳಿಯುವಂಥದಲ್ಲ; ತೇವದ ಕೋಣೆಗೆ ಹಿಂದಿರುಗಿದ ಗ್ರಂಥದಲ್ಲಿ ಬೂಷ್ಟು ಮತ್ತೆ ಹುಟ್ಟುತ್ತದೆ. ಧೂಮವು ಕೆಲಸಗಾರರ ದೇಹಕ್ಕೂ ಕೆಲವು ಬಣ್ಣ, ಅಂಟುಗಳಿಗೂ ಹಾನಿಕರ. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತ ಬೂಷ್ಟಿನ ಕಣಗಳೂ ಉಸಿರಾಟದ ತೊಂದರೆಯನ್ನು ಉಂಟುಮಾಡಬಲ್ಲವು. ಆದುದರಿಂದ ಇಂದಿನ ಸಂರಕ್ಷಣಶಾಸ್ತ್ರವು ಕೊಲ್ಲುವುದಕ್ಕಿಂತ ಒಣಗಿಸುವುದನ್ನೂ ಗಾಳಿಯಾಡಿಸುವುದನ್ನೂ ಆಗಾಗ ನೋಡುವುದನ್ನೂ ಪ್ರಧಾನವಾಗಿ ಹೇಳುತ್ತದೆ. ಪಣಕ, ಕುಹಣಗಳನ್ನು ಜೀವವೆಂದು ಬಗೆದ ಆಚಾರವು ಯಾವ ಕ್ರಮವನ್ನು ಹೇಳಿತ್ತೋ, ದೇಹ ಮತ್ತು ಗ್ರಂಥಗಳ ಹಿತವನ್ನು ಮಾತ್ರ ನೋಡಿದ ಶಾಸ್ತ್ರವೂ ಅದೇ ಕ್ರಮಕ್ಕೆ ಬಂದು ಸೇರಿದೆ.

ಈ ವಿವೇಚನೆಯಿಂದ ಕೆಲವು ಕರ್ತವ್ಯಗಳು ತಾವಾಗಿ ಹೊರಡುತ್ತವೆ. ಹಿಟ್ಟಿನ ಮರ್ಯಾದೆಯನ್ನು ಇಂದಿಗೂ ನಿಷ್ಠೆಯಿಂದ ಪಾಲಿಸುವ ಅನೇಕ ಮನೆತನಗಳಲ್ಲಿ ಓಲೆಯ ಕಟ್ಟನ್ನು ಒಂದು ತಲೆಮಾರಿನಿಂದ ಬಿಚ್ಚಿಲ್ಲದಿರುವುದುಂಟು. ಅನ್ನಕ್ಕೆ ಇರುವ ನಿಯಮ ಶ್ರುತಕ್ಕೂ ಇರಬೇಕು. ಶ್ರುತಪಂಚಮಿಯ ದಿನ ಮಳೆ ಹಿಡಿದಿದ್ದರೆ ಅಂದು ಪೂಜೆ ಮಾತ್ರ ನಡೆದು, ಕಟ್ಟುಗಳನ್ನು ಬಿಚ್ಚುವ ಕಾರ್ಯವು ಅದಕ್ಕೆ ಮೊದಲೇ ಒಣಹವೆಯಲ್ಲಿ ಮುಗಿದಿರಬೇಕು. ಮಳೆಗಾಲ ಕಳೆದ ಮೇಲೆ ಕಾರ್ತಿಕದಲ್ಲಿ ಇನ್ನೊಮ್ಮೆ ನೋಡುವುದು ದಿಗಂಬರ ಭಂಡಾರಗಳಲ್ಲಿಯೂ ರೂಢಿಯಾಗುವುದು ಉಚಿತ. ಪೆಟ್ಟಿಗೆ, ಕಪಾಟುಗಳು ಹೊರಗೋಡೆಗೆ ಅಂಟಿರಬಾರದು. ಬೂಷ್ಟು ಕಂಡ ಕಟ್ಟನ್ನು ಉಳಿದವುಗಳಿಂದ ಬೇರೆಯಿಟ್ಟು, ಬಿಸಿಲಿಗೆ ಒಡ್ಡದೆ ನೆರಳಿನ ಗಾಳಿಯಲ್ಲಿ ಒಣಗಿಸಿದ ಮೇಲೆ, ಮೂಗುಬಾಯಿಗೆ ಸೂಕ್ಷ್ಮಕಣಗಳನ್ನು ತಡೆಯುವ ಮುಸುಕನ್ನೂ ಕೈಗೆ ಚೀಲವನ್ನೂ ಧರಿಸಿ ಮೃದುವಾದ ಕುಂಚದಿಂದ ಸವರಬೇಕು. ಒದ್ದೆ ಬಟ್ಟೆಯಿಂದ ಒರೆಸುವುದೂ, ಬಾಯಿಂದ ಊದುವುದೂ, ಕೊಡವುವುದೂ ಸಲ್ಲ. ಉಬ್ಬಸವಿರುವವರೂ ವೃದ್ಧರೂ ಈ ಕೆಲಸದಿಂದ ದೂರವಿರಬೇಕು. ಇದರಲ್ಲಿ ಆಗುವ ಜೀವಬಾಧೆಯು ಗೃಹಸ್ಥನ ಆರಂಭೀ ಹಿಂಸೆಯ ಕಕ್ಷೆಗೆ ಸೇರುವುದು. ಯತ್ನಾಚಾರದಿಂದ ಅದನ್ನು ಆದಷ್ಟು ಕಡಿಮೆಮಾಡಬೇಕು. ಆದರೆ ನೋಡದೆ ಬಿಟ್ಟು ಬೂಷ್ಟನ್ನು ಬೆಳೆಯಗೊಡುವ ಪ್ರಮಾದಕ್ಕೆ ಆ ಸಮಾಧಾನವಿಲ್ಲ. ನೋಡಿದ ಕಟ್ಟಿನ ಛಾಯಾಪ್ರತಿಯನ್ನು ಆಗಲೇ ತೆಗೆದಿಡುವುದು ಇಂದಿನ ಶಾಸ್ತ್ರದಾನ.

ಪ್ರಭಾಚಂದ್ರ ಗುರುಗಳು ಆಡೂರಿನ ಜಿನಾಲಯದಲ್ಲಿ ಯಾವ ಗ್ರಂಥಗಳನ್ನು ಓದಿಸುತ್ತಿದ್ದರೆಂಬುದನ್ನು ತಿಳಿಯಲು ಇಂದು ದಾರಿಯಿಲ್ಲ. ಬತ್ತದ ಗದ್ದೆಗಳ ನಡುವಣ ಆ ಊರಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಮಳೆಗಾಲಗಳು ಕಳೆದಿವೆ. ಈಗ ಉಳಿದಿರುವ ಓಲೆಗಳಿಗೆ ಬರಲಿರುವುದು ಮುಂದಿನ ಮಳೆಗಾಲ. ಅದಕ್ಕೆ ಮೊದಲು ಕಟ್ಟುಗಳನ್ನು ಒಮ್ಮೆ ಬಿಚ್ಚಿ ನೋಡುವುದು ಅವುಗಳನ್ನು ಇಟ್ಟುಕೊಂಡಿರುವ ಎಲ್ಲರಿಂದಲೂ ಆಗಬಹುದಾದ ಕೆಲಸ.